ಅಡ್ಮಾಂಟ್ ಲೈಬ್ರರಿಯಲ್ಲಿ ಓದುವವರು ಎಲ್ಲಿ ಕೂರುತ್ತಿದ್ದರು?

ಹಾಸನದ ಸುಮಾ
ಎಲ್ಲರಿಗೂ ನಮಸ್ಕಾರ. ನಾವು ಆಸ್ಟ್ರಿಯಾದ ಗ್ರಾಜ್‌ನಲ್ಲಿದ್ದೇವೆ. ಊರಿಂದ ಅಪ್ಪ ಬಂದಿದ್ದಾರೆ. ಮೂವತ್ತೆರಡು ವರ್ಷ ತಾಲ್ಲೂಕು ಲೈಬ್ರರಿ ನೋಡಿಕೊಂಡವರು. ಅದಕ್ಕೇ ಹೋದ ಭಾನುವಾರ ಅವರನ್ನು ಅಡ್ಮಾಂಟ್ ಮಠದ ಲೈಬ್ರರಿಗೆ ಕರೆದುಕೊಂಡು ಹೋದೆವು. ಎನ್ಸ್ ನದಿಯ ಕಣಿವೆ, ಸುತ್ತ ಬೆಟ್ಟ, ನಡುವೆ ಬೆನೆಡಿಕ್ಟೈನ್ ಅನ್ನುವ ಕ್ರೈಸ್ತ ಸನ್ಯಾಸಿಗಳ ಮಠ. ಮಠ ಶುರುವಾಗಿದ್ದು 1074ರಲ್ಲಿ. ಲೈಬ್ರರಿ ಹಾಲ್ ಕಟ್ಟಿ ಮುಗಿಸಿದ್ದು 1776ರಲ್ಲಿ.

ಒಳಗೆ ಕಾಲಿಟ್ಟ ಕೂಡಲೇ ನನಗೆ ಮಾತೇ ಹೊರಡಲಿಲ್ಲ. 70 ಮೀಟರ್ ಉದ್ದ, 14 ಮೀಟರ್ ಅಗಲ. ಬಿಳಿ ಬೀರುಗಳು, ಅಂಚಿಗೆಲ್ಲ ಚಿನ್ನ. ಮೇಲೆ ಏಳು ಗುಮ್ಮಟ, ಏಳರಲ್ಲೂ ಚಿತ್ರ. 48 ಕಿಟಕಿಗಳಿಂದ ಬೆಳಕು ಬಂದು ಬೀಳುತ್ತದೆ. ಅಪ್ಪ ಮಾತ್ರ ಮೇಲಕ್ಕೆ ನೋಡಲೇ ಇಲ್ಲ. ಕೈ ಹಿಂದೆ ಕಟ್ಟಿಕೊಂಡು ಬೀರುವಿನಿಂದ ಬೀರುವಿಗೆ ನಡೆದರು. ಬಗ್ಗಿ ಪುಸ್ತಕದ ಬೆನ್ನಿನ ಮೇಲೆ ನಂಬರ್ ಚೀಟಿ ಇದೆಯಾ ಅಂತ ನೋಡಿದರು. ಆ ತುದಿ ಮುಟ್ಟಿ ವಾಪಸ್ ಬಂದು ಕೇಳಿದ್ದು ಒಂದೇ ಮಾತು: "ಎಲ್ಲಾ ಸರಿ ಮಗಾ, ಓದೋರು ಎಲ್ಲಿ ಕೂತ್ಕೋತಿದ್ರು?"

ಸುತ್ತ ನೋಡಿದೆ. ನಿಜ. ನಮ್ಮ ಲೈಬ್ರರಿಗಳ ಹಾಗೆ ಸಾಲು ಮೇಜು ಇಲ್ಲ, ಬೆಂಚು ಇಲ್ಲ. ಅಷ್ಟರಲ್ಲಿ ಗೈಡ್ ಮುಂದೆ ಹೋಗಿಬಿಟ್ಟಿದ್ದರು. ಗೊತ್ತಿರುವವರು ಹೇಳಿ, ಇದು ಓದಲಿಕ್ಕೆ ಕಟ್ಟಿದ್ದಾ, ತೋರಿಸಲಿಕ್ಕೆ ಕಟ್ಟಿದ್ದಾ? ಅಪ್ಪ ದಿನಾ ಕಾಫಿ ಕುಡಿಯುವಾಗ ಇದನ್ನೇ ಕೇಳುತ್ತಾರೆ.

ಮಲೆನಾಡ ಹುಡುಗಿ
ಅಪ್ಪನಿಗೆ ನನ್ನ ನಮಸ್ಕಾರ ಹೇಳಿ ಸುಮಾ ಅವರೇ. ನಾನೂ ಹೋಗಿದ್ದೆ, ಬರೀ ಫೋಟೋ ತೆಗೆದುಕೊಂಡು ಬಂದೆ. ಈ ಪ್ರಶ್ನೆ ತಲೆಗೇ ಬರಲಿಲ್ಲ.

ಗಿರೀಶ ನೇರಮಾತು
ತೋರಿಸಲಿಕ್ಕೆ. ಇದರಲ್ಲಿ ಅನುಮಾನವೇ ಬೇಡ. ಬರೋಕ್ ಅಂದರೇನೇ ಬಂದವರ ಕಣ್ಣು ಕೋರೈಸಬೇಕು ಅನ್ನುವ ಶೈಲಿ. ಮಠಕ್ಕೆ ಕಾಡು, ಜಮೀನು ಎಲ್ಲಾ ಇತ್ತು. ದುಡ್ಡಿತ್ತು, ಕಟ್ಟಿಸಿದರು.

ಕಲ್ಲುಕಂಬ
ನಾನು ಆರ್ಕಿಟೆಕ್ಟ್, ಹಳೆ ಕಟ್ಟಡಗಳ ದುರಸ್ತಿ ಕೆಲಸ ಮಾಡುತ್ತೇನೆ. ಅಡ್ಮಾಂಟ್‌ಗೆ ಎರಡು ಸಲ ಹೋಗಿದ್ದೇನೆ. ಅಪ್ಪನವರ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಓದುವವರು ಅಲ್ಲಿ ಕೂರುತ್ತಿರಲಿಲ್ಲ. ಪುಸ್ತಕ ತೆಗೆದುಕೊಂಡು ತಮ್ಮ ಕೋಣೆಗೆ ಹೋಗುತ್ತಿದ್ದರು.

ಆ ಕಾಲದ ಇಂಥ ಹಾಲ್‌ಗಳಲ್ಲಿ ಬೆಂಕಿಯನ್ನು ಹತ್ತಿರಕ್ಕೂ ಬಿಡುತ್ತಿರಲಿಲ್ಲ. ಆಲ್ಪ್ಸ್ ಬೆಟ್ಟದ ಚಳಿಗಾಲದಲ್ಲಿ, ಒಲೆ ಇಲ್ಲದೆ, ಅಮೃತಶಿಲೆಯ ನೆಲದ ಮೇಲೆ ಎಷ್ಟು ಹೊತ್ತು ಕೂರಲಿಕ್ಕಾಗುತ್ತದೆ? ಹೆದರಿಕೆಗೆ ಕಾರಣವೂ ಇತ್ತು. 1865ರಲ್ಲಿ ಬೆಂಕಿ ಬಿದ್ದು ಮಠ ಹೆಚ್ಚುಕಡಿಮೆ ಪೂರ್ತಿ ಸುಟ್ಟುಹೋಯಿತು. ಲೈಬ್ರರಿ ಉಳಿಯಿತು. ನೀವು ನೋಡಿದ್ದು ಆ ಬೆಂಕಿಯಿಂದ ಪಾರಾಗಿ ಬಂದ ಕೋಣೆ.

ದೀಪ ಹಚ್ಚದ ಮೇಲೆ ಹಗಲೇ ದೀಪ ಆಗಬೇಕಲ್ಲ, ಅದಕ್ಕೆ ಅಷ್ಟೊಂದು ಕಿಟಕಿ. ಇದನ್ನು ಕಟ್ಟಿದ ಯೋಸೆಫ್ ಹ್ಯೂಬರ್ ನೀವಿರುವ ಗ್ರಾಜ್‌ನಲ್ಲೇ ಕೆಲಸ ಮಾಡಿದವರು. ಮನುಷ್ಯನ ಬುದ್ಧಿಯ ಹಾಗೆ ಕೋಣೆಯೂ ಬೆಳಕಿನಿಂದ ತುಂಬಿರಬೇಕು ಎನ್ನುವುದು ಅವರ ನಂಬಿಕೆ. ಬಿಳಿ ಬೀರುಗಳು ಕಿಟಕಿಯಿಂದ ಬಂದ ಬೆಳಕನ್ನು ಹಿಡಿದು ಇನ್ನೊಂದು ಕಡೆಗೆ ಕಳಿಸುತ್ತವೆ. ಮೋಡ ಮುಚ್ಚಿದ ದಿನವೂ ಒಳಗೆ ಪುಸ್ತಕದ ಹೆಸರು ಓದಬಹುದು. ಅದನ್ನು ನಾನೇ ನೋಡಿದ್ದೇನೆ.

ಗಿರೀಶ್ ಅವರೇ, ಅಲಂಕಾರ ಬರೀ ಕಣ್ಣು ಕೋರೈಸಲಿಕ್ಕೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಗುಮ್ಮಟದ ಚಿತ್ರಗಳಿಗೆ ಒಂದು ಕ್ರಮ ಇದೆ. ಮನುಷ್ಯ ಯೋಚಿಸಲು, ಮಾತಾಡಲು ಕಲಿಯುವಲ್ಲಿಂದ ಹಿಡಿದು ವೈದ್ಯ, ಕಾನೂನು ಮುಂತಾದ ವಿದ್ಯೆಗಳನ್ನು ದಾಟಿ ನಡುವಿನ ದೊಡ್ಡ ಗುಮ್ಮಟದಲ್ಲಿ ದೈವೀ ಜ್ಞಾನಕ್ಕೆ ಬಂದು ಸೇರುತ್ತದೆ. ಪುಸ್ತಕಗಳೂ ಅದೇ ಲೆಕ್ಕದಲ್ಲಿವೆ. ನಡುವೆ ಬೈಬಲ್‌ಗಳು, ಉತ್ತರದ ಕಡೆ ಧರ್ಮಶಾಸ್ತ್ರ, ದಕ್ಷಿಣದ ಕಡೆ ಉಳಿದ ವಿಷಯಗಳು. ಚಾವಣಿ ನೋಡಿದರೆ ಯಾವ ಕಡೆ ಹೋಗಬೇಕು ಅಂತ ಗೊತ್ತಾಗುತ್ತದೆ.

ಬೆಳಗಾವಿ ಬಸು
ಅಂದ್ರೆ ಚಾವಣಿನೇ ಕ್ಯಾಟಲಾಗ್ ಅನ್ನಿ! ಭಾರಿ ಅದ.

ಗಿರೀಶ ನೇರಮಾತು
ಕಲ್ಲುಕಂಬ ಸರ್, ಒಪ್ಪಿದೆ, ಕ್ರಮ ಇದೆ. ಆದರೆ 70,000 ಪುಸ್ತಕಕ್ಕೆ ಗೋಡೆ, ಬೀರು, ಬೀಗ ಇದ್ದರೆ ಸಾಕಿತ್ತು. ಏಳು ಗುಮ್ಮಟ ಬೇಕಿತ್ತಾ? ಬೆಲೆ ತೆತ್ತವರು ಆ ಕಣಿವೆಯ ರೈತರು. ಅವರಲ್ಲಿ ಎಷ್ಟು ಜನರಿಗೆ ಆ ಬಾಗಿಲು ತೆರೆದಿತ್ತು?

ಕಲ್ಲುಕಂಬ
ಆ ಮಾತು ನ್ಯಾಯ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಶಾರದಾ ಮೈಸೂರು
ನಾನು ಮೈಸೂರು ಶೈಲಿಯ ಚಿತ್ರ ಬರೆಯುವವಳು. ಚಿನ್ನದ ರೇಕು ದಿನಾ ಮುಟ್ಟುತ್ತೇನೆ. ಅದಕ್ಕೇ ಚಿನ್ನದ ಬಗ್ಗೆ ಎರಡು ಮಾತು.

ನೋಡಿದವರು ಅಬ್ಬಾ ಎಷ್ಟು ಕೆಜಿ ಚಿನ್ನ ಅಂತಾರೆ. ರೇಕು ಎಷ್ಟು ತೆಳು ಅಂದರೆ ಉಸಿರು ಬಿಟ್ಟರೆ ಹಾರಿಹೋಗುತ್ತದೆ. ಯುರೋಪಿನ ಹಳೆ ಪದ್ಧತಿಯಲ್ಲಿ ಮರದ ಮೇಲೆ ಮೊದಲು ಸೀಮೆಸುಣ್ಣದ ಪುಡಿ ಮತ್ತು ಪ್ರಾಣಿಯ ಅಂಟು ಕಲಸಿ ಹಲವು ಸಲ ಬಳಿಯುತ್ತಾರೆ. ಒಣಗಿದ ಮೇಲೆ ಉಜ್ಜಿ ನುಣುಪು ಮಾಡುತ್ತಾರೆ. ಅದರ ಮೇಲೆ ಕೆಂಪು ಜೇಡಿಮಣ್ಣಿನ ಲೇಪ, ಆಮೇಲೆ ರೇಕು. ಕೊನೆಗೆ ನುಣುಪಾದ ಅಗೇಟ್ ಕಲ್ಲಿನಿಂದ ತಿಕ್ಕಿದಾಗ ಹೊಳಪು ಬರುತ್ತದೆ. ಆ ಕೆಂಪು ಮಣ್ಣಿನಿಂದಲೇ ಚಿನ್ನಕ್ಕೆ ಬೆಚ್ಚಗಿನ ಬಣ್ಣ. ಹಳೆ ಚೌಕಟ್ಟುಗಳ ಮೂಲೆ ಸವೆದ ಕಡೆ ಕೆಂಪು ಇಣುಕುತ್ತದಲ್ಲ, ಅದು ಇದೇ. ಅಲ್ಲಿ ಚಿನ್ನಕ್ಕಿಂತ ಜಾಸ್ತಿ ಇರುವುದು ಕೈಕೆಲಸ.

ಮಂಗಳೂರಿನ ಮೀನು
ಚಾವಣಿಗೆ ಯಾರು ಚಿತ್ರ ಬರೆದದ್ದು ಮಾರಾಯ್ರೇ? ನಮ್ಮ ಸೇಂಟ್ ಅಲೋಶಿಯಸ್ ಚಾಪೆಲ್ ನೋಡಿದ್ದೀರಲ್ಲ, ಇಟಲಿಯ ಮೊಸ್ಕೇನಿ ಬಂದು ಮಾಡಿದ್ದು. ಅದನ್ನು ನೋಡುವಾಗೆಲ್ಲ ನನಗೆ ಕುತ್ತಿಗೆ ನೋವು, ಬರೆದವರಿಗೆ ಹೇಗಾಗಿರಬೇಡ?

ಕಲ್ಲುಕಂಬ
ಬಾರ್ತೊಲೊಮಿಯೊ ಆಲ್ಟೊಮಾಂಟೆ. 1775 ಮತ್ತು 1776ರಲ್ಲಿ ಬರೆದರು. ಆಗ ಅವರಿಗೆ ಎಂಬತ್ತು ದಾಟಿತ್ತು! ಏಳು ಗುಮ್ಮಟವನ್ನೂ ಅವರೇ ಮಾಡಿದರು. ಫ್ರೆಸ್ಕೊ ಅಂದರೆ ಹಸಿ ಗಾರೆಯ ಮೇಲೆ ಬಣ್ಣ ಹಚ್ಚಬೇಕು. ಗಾರೆ ಒಣಗುವಾಗ ಬಣ್ಣವನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ. ಅದಕ್ಕೇ ಒಂದು ದಿನಕ್ಕೆ ಎಷ್ಟು ಬರೆಯಬಹುದೋ ಅಷ್ಟೇ ಗಾರೆ ಮೆತ್ತುತ್ತಾರೆ. ತಪ್ಪಾದರೆ ಕೆತ್ತಿ ತೆಗೆದು ಮತ್ತೆ ಮೆತ್ತಬೇಕು. ಆ ವಯಸ್ಸಿನಲ್ಲಿ ಅಟ್ಟಣಿಗೆ ಹತ್ತಿ ಈ ಕೆಲಸ.

ಮಂಗಳೂರಿನ ಮೀನು
ದೇವರೇ! ನನ್ನ ಅಜ್ಜನಿಗೆ ಹೇಳುತ್ತೇನೆ ಇದನ್ನು.

ವಿಯೆನ್ನಾ ವಿನಯ್
ಅಡ್ಮಾಂಟ್ ಚೆಂದ, ಆದರೆ 1776 ಅಂದರೆ ಬರೋಕ್ ಮುಗಿಯುವ ಹೊತ್ತು. ಶುದ್ಧ ಬರೋಕ್ ಬೇಕಾದರೆ ವಿಯೆನ್ನಾದ ಪ್ರುಂಕ್‌ಸಾಲ್ ಅನ್ನುವ ಲೈಬ್ರರಿ ಹಾಲ್‌ಗೆ ಬನ್ನಿ. 1723ರಿಂದ 1726ರ ನಡುವೆ ಕಟ್ಟಿದ್ದು. ನಕ್ಷೆ ಆರ್ಕಿಟೆಕ್ಟ್ ಫಿಶರ್ ಫೊನ್ ಎರ್ಲಾಖ್ ಅವರದು. ಅವರು ತೀರಿಕೊಂಡ ಮೇಲೆ ಮಗ ಕಟ್ಟಿ ಮುಗಿಸಿದರು. ಬೀರುಗಳು ಕಡು ಕಂದು ಮರದವು, ಗುಮ್ಮಟ ಸುಮಾರು 30 ಮೀಟರ್ ಎತ್ತರ. ಒಳಗೆ ಕೊರೊನೆಲ್ಲಿ ಅನ್ನುವವರು ಮಾಡಿದ ನಾಲ್ಕು ದೊಡ್ಡ ಗ್ಲೋಬ್‌ಗಳಿವೆ. ಗುಮ್ಮಟದಲ್ಲಿ ಬಿರುಕು ಬಿಟ್ಟು, ಆಮೇಲೆ ಕಟ್ಟಡವನ್ನೇ ಗಟ್ಟಿ ಮಾಡಬೇಕಾಯಿತು.

ಬೆಳಗಾವಿ ಬಸು
ಅಡ್ಮಾಂಟ್ ಜಗತ್ತಿನಾಗ ಅತಿ ದೊಡ್ಡ ಮಠದ ಲೈಬ್ರರಿ ಅಂತ ಎಲ್ಲೋ ಓದಿದ್ದೆ. ಖರೇ ಏನು?

ಲಿಸ್ಬನ್ ಲತಾ
ಹಾಗೇ ಹೇಳುತ್ತಾರೆ. ಆದರೆ ಬರೀ ಉದ್ದ ನೋಡಿದರೆ ನಮ್ಮ ಕಡೆ ಪೋರ್ಚುಗಲ್‌ನ ಮಾಫ್ರಾ ಇನ್ನೂ ಉದ್ದ, 80 ಮೀಟರ್‌ಗೂ ಜಾಸ್ತಿ. ಅದು ಅರಮನೆ ಮತ್ತು ಮಠ ಎರಡೂ ಸೇರಿದ ಕಟ್ಟಡ. ಅಲ್ಲಿ ಬೀರುಗಳಿಗೆ ಚಿನ್ನ ಹಚ್ಚಲೇ ಇಲ್ಲ, ಮರ ಹಾಗೇ ಇದೆ. ನನಗೆ ಅದೇ ಇಷ್ಟ.

ಇನ್ನು ಕೊಯಿಂಬ್ರಾ ವಿಶ್ವವಿದ್ಯಾಲಯದ ಜೊವಾನಿನಾ ಲೈಬ್ರರಿ ಬಗ್ಗೆ ಹೇಳದಿದ್ದರೆ ನನಗೆ ಸಮಾಧಾನ ಆಗಲ್ಲ. 1717ರಲ್ಲಿ ಶುರುವಾಗಿ 1728ಕ್ಕೆ ಮುಗಿದದ್ದು. ಒಂದರ ಹಿಂದೆ ಒಂದು ಮೂರು ಕೋಣೆ. ಹಸಿರು, ಕೆಂಪು, ಕಪ್ಪು ಬಣ್ಣದ ಬೀರುಗಳ ಮೇಲೆ ಚೀನಾ ಶೈಲಿಯಲ್ಲಿ ಚಿನ್ನದ ಚಿತ್ರಗಳು. ಏಣಿಗಳು ಬೀರುವಿನ ಸಂದಿಯೊಳಗೇ ಸೇರಿಕೊಳ್ಳುತ್ತವೆ. ಗೋಡೆ ಎರಡು ಮೀಟರ್‌ಗಿಂತ ದಪ್ಪ. ಕಟ್ಟಡದ ಕೆಳಗೆ ಹಿಂದೆ ವಿದ್ಯಾರ್ಥಿಗಳನ್ನು ಕೂಡಿಹಾಕುವ ಜೈಲು ಕೂಡ ಇತ್ತು. ಅಲ್ಲಿ ದೊಡ್ಡ ದೊಡ್ಡ ಮೇಜುಗಳಿವೆ, ಸುಮಾ ಅವರ ಅಪ್ಪ ಅಲ್ಲಿಗೆ ಬಂದರೆ ಖುಷಿಪಡುತ್ತಾರೆ.

ಮುಖ್ಯ ವಿಷಯ ಬಾವಲಿ. ಒಳಗೆ ಬಾವಲಿಗಳಿವೆ. ರಾತ್ರಿ ಹೊರಬಂದು ಪುಸ್ತಕ ತಿನ್ನುವ ಹುಳಗಳನ್ನು ಹಿಡಿದು ತಿನ್ನುತ್ತವೆ. ಸಂಜೆ ಬಾಗಿಲು ಹಾಕುವಾಗ ಸಿಬ್ಬಂದಿ ಮೇಜುಗಳ ಮೇಲೆ ಚರ್ಮದ ಹೊದಿಕೆ ಹಾಸುತ್ತಾರೆ. ಬೆಳಗ್ಗೆ ಬಂದು ಹಿಕ್ಕೆ ಗುಡಿಸುತ್ತಾರೆ. ಮಾಫ್ರಾದಲ್ಲೂ ಬಾವಲಿ ಇವೆ.

ಮಲೆನಾಡ ಹುಡುಗಿ
ಬಾವಲಿ ಇಟ್ಟುಕೊಂಡು ಪುಸ್ತಕ ಕಾಪಾಡೋದಾ! ನಮ್ಮೂರ ಹಳೇ ದೇವಸ್ಥಾನದಲ್ಲಿ ಬಾವಲಿ ವಾಸನೆಗೆ ಒಳಗೆ ಹೋಗಲಿಕ್ಕಾಗಲ್ಲ.

ಲಿಸ್ಬನ್ ಲತಾ
ಇವು ಚಿಕ್ಕ ಜಾತಿ, ಹುಳ ತಿನ್ನುವಂಥವು. ಹಣ್ಣು ತಿನ್ನುವ ದೊಡ್ಡ ತೊಗಲುಬಾವಲಿ ಅಲ್ಲ. ನಾನು ಹೋದಾಗ ವಾಸನೆ ಇರಲಿಲ್ಲ. ಹಳೆ ಚರ್ಮ, ಹಳೆ ಮರದ ಘಮ ಅಷ್ಟೇ.

ತಾಳೆಗರಿ
ನಾನು ಹಸ್ತಪ್ರತಿಗಳ ಸಂರಕ್ಷಣೆ ಮಾಡುವವನು. ಬಾವಲಿ ಕಥೆ ಕೇಳಲು ಚೆನ್ನ, ಆದರೆ ಹಿಕ್ಕೆ, ಮೂತ್ರ ಪುಸ್ತಕಕ್ಕೆ ಒಳ್ಳೆಯದಲ್ಲ. ದಿನಾ ಹೊದಿಕೆ ಹಾಸುವ, ಗುಡಿಸುವ ಜನ ಇದ್ದರೆ ಮಾತ್ರ ಅದು ನಡೆಯುತ್ತದೆ. ಅಲ್ಲಿ ನಿಜವಾಗಿ ಕಾಪಾಡಿದ್ದು ದಪ್ಪ ಗೋಡೆ. ಒಳಗಿನ ಬಿಸಿ, ತೇವ ಒಂದೇ ಸಮ ಇರುತ್ತದೆ.

ಅಡ್ಮಾಂಟ್ ಬೆಳಕಿನ ಬಗ್ಗೆಯೂ ಒಂದು ಮಾತು. ಬಿಸಿಲು ಚರ್ಮದ ಬಣ್ಣ ಎಳೆಯುತ್ತದೆ, ಒಣಗಿಸಿ ಬಿರುಕು ಬಿಡಿಸುತ್ತದೆ. ಹ್ಯೂಬರ್ ಬೆಳಕು ಕೊಟ್ಟರು, ಆ ಬೆಳಕಿನಿಂದ ಪುಸ್ತಕ ಉಳಿಸುವುದು ಈಗಿನವರ ಪಾಲಿಗೆ ಬಂದಿದೆ. 2004ರಿಂದ 2008ರವರೆಗೆ ಅಲ್ಲಿ ದೊಡ್ಡ ದುರಸ್ತಿ ನಡೆಯಿತು.

ಗಿರೀಶ ನೇರಮಾತು
ಲತಾ ಅವರೇ, ಜೊವಾನಿನಾದ ಕೊನೆಯ ಕೋಣೆಯಲ್ಲಿ ಏನಿದೆ ಅಂತ ನೀವು ಹೇಳಲಿಲ್ಲ. ರಾಜ ಐದನೇ ಜೊವಾವೊನ ದೊಡ್ಡ ಚಿತ್ರ. ಗರ್ಭಗುಡಿಯಲ್ಲಿ ದೇವರು ಇರುವ ಜಾಗದಲ್ಲಿ ರಾಜ! ಬ್ರೆಜಿಲ್‌ನ ಚಿನ್ನ ಅವನ ಕಾಲಕ್ಕೆ ಹರಿದು ಬಂತು. ವಿಯೆನ್ನಾದಲ್ಲೂ ಗುಮ್ಮಟದ ಕೆಳಗೆ ನಟ್ಟನಡುವೆ ನಿಂತಿರುವುದು ಚಕ್ರವರ್ತಿ ಆರನೇ ಕಾರ್ಲ್‌ನ ಮೂರ್ತಿ. ಮೇಲಿನ ಚಿತ್ರವೂ ಅವನ ಹೊಗಳಿಕೆಯೇ. ಇದಕ್ಕೇ ನಾನು ಹೇಳಿದ್ದು, ತೋರಿಸಲಿಕ್ಕೆ ಅಂತ.

ಸಾಗರದ ಶಿಲ್ಪಿ
ಗಿರೀಶಣ್ಣ, ಹಾಗಿದ್ದರೆ ಅಡ್ಮಾಂಟ್‌ನ ನಟ್ಟನಡುವೆ ಏನಿದೆ ನೋಡಿ. ರಾಜನೂ ಇಲ್ಲ, ಮಠಾಧಿಪತಿಯೂ ಇಲ್ಲ. ಅಲ್ಲಿರುವುದು ಯೋಸೆಫ್ ಸ್ಟಾಮೆಲ್ ಕೆತ್ತಿದ ನಾಲ್ಕು ಮೂರ್ತಿಗಳು: ಸಾವು, ಕೊನೆಯ ತೀರ್ಪು, ಸ್ವರ್ಗ, ನರಕ. ಸಾವಿನ ಮೂರ್ತಿಯಲ್ಲಿ ಒಬ್ಬ ಮುದುಕ ಯಾತ್ರಿಕ ಇದ್ದಾನೆ. ಅವನ ಬೆನ್ನ ಹಿಂದೆ ರೆಕ್ಕೆ ಇರುವ ಅಸ್ಥಿಪಂಜರ, ಕೈಯಲ್ಲಿ ಮರಳು ಗಡಿಯಾರ. ಅಷ್ಟು ಬೆಳಕು, ಅಷ್ಟು ಚಿನ್ನದ ನಡುವೆ ಈ ಕಪ್ಪು ಮೂರ್ತಿ. ಎಷ್ಟು ಓದಿದರೂ ಟೈಮು ಓಡುತ್ತಿದೆ ಅಂತ ಹೇಳುವ ಹಾಗಿದೆ. ಮೆರೆಯಲಿಕ್ಕೆ ಕಟ್ಟಿದವರು ಇದನ್ನು ನಡುವೆ ಇಡುತ್ತಾರಾ?

ಮೂರ್ತಿಗಳು ಕಂಚಿನವು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅಲ್ಲ. ಲಿಂಡೆನ್ ಮರ, ಮೇಲೆ ಕಂಚಿನ ಬಣ್ಣ. ನಮ್ಮ ಮನೆಯಲ್ಲಿ ತಲೆತಲಾಂತರದಿಂದ ಮರ ಕೆತ್ತುತ್ತೇವೆ. ಫೋಟೋ ದೊಡ್ಡದು ಮಾಡಿ ಬಟ್ಟೆಯ ಮಡಿಕೆ ನೋಡಿದೆ. ಉಳಿ ಒಳಗೆ ಹೋಗಿ ತಿರುಗಿ ಬಂದ ರೀತಿ ನೋಡಿದರೆ ಎರಕದ ಕೆಲಸ ಅಲ್ಲ ಅಂತ ಗೊತ್ತಾಗುತ್ತದೆ. ಲಿಂಡೆನ್ ಮೆತ್ತಗಿನ ಮರ, ಎಳೆ ಒಂದೇ ಸಮ. ಆಳವಾಗಿ ಕೆತ್ತಿದರೂ ಸಿಡಿಯುವುದು ಕಮ್ಮಿ. ಸ್ಟಾಮೆಲ್ 1765ರಲ್ಲೇ ತೀರಿಕೊಂಡರು. ಹಾಲ್ ಮುಗಿದದ್ದನ್ನು ನೋಡಲಿಲ್ಲ.

ವಿಯೆನ್ನಾ ವಿನಯ್
ಈ ಮಾತು ಒಪ್ಪಲೇಬೇಕು. ನಡುವೆ ಯಾರನ್ನು ನಿಲ್ಲಿಸಿದ್ದಾರೆ ಅಂತ ನಾನು ಹೀಗೆ ಹೋಲಿಸಿ ನೋಡಿರಲಿಲ್ಲ.

ಗಿರೀಶ ನೇರಮಾತು
ಒಳ್ಳೆ ಪಾಯಿಂಟ್ ಶಿಲ್ಪಿಯವರೇ. ಆದರೂ ಪುಸ್ತಕ ನಿಜವಾಗಿ ಓದಿಸಿಕೊಂಡವಾ ಅನ್ನುವ ಪ್ರಶ್ನೆ ಹಾಗೇ ಇದೆ. ನಡುವೆ ಸಾವಿದ್ದರೂ ಬೀರು ಮುಚ್ಚಿಯೇ ಇರಬಹುದಲ್ಲ.

ಪ್ರಾಗ್ ಪ್ರಭಾ
ಮಧ್ಯೆ ಬರುತ್ತಿದ್ದೇನೆ, ಸಾರಿ. ಪ್ರಾಗ್‌ನ ಸ್ಟ್ರಾಹೊವ್ ಮಠದ ಲೈಬ್ರರಿಯ ತತ್ವಶಾಸ್ತ್ರ ಹಾಲ್ ಯಾರಾದರೂ ನೋಡಿದ್ದೀರಾ? ಚಕ್ರವರ್ತಿ ಎರಡನೇ ಯೋಸೆಫ್ 1780ರ ದಶಕದಲ್ಲಿ ನೂರಾರು ಮಠ ಮುಚ್ಚಿಸಿದ. ಲೌಕಾ ಅನ್ನುವ ಮಠವೂ ಮುಚ್ಚಿತು. ಅಲ್ಲಿನ ವಾಲ್‌ನಟ್ ಮರದ ಬೀರುಗಳನ್ನು ಸ್ಟ್ರಾಹೊವ್‌ನವರು ತಂದರು. ಬೀರು ತುಂಬಾ ಎತ್ತರ. ಅದಕ್ಕೆ ತಕ್ಕ ಹಾಗೆ ಹಾಲ್ ಎತ್ತರಿಸಿದರು! ಮನೆಗೆ ತಕ್ಕ ಬೀರು ಮಾಡಿಸುತ್ತೇವೆ ನಾವು, ಅಲ್ಲಿ ಬೀರುವಿಗೆ ತಕ್ಕ ಮನೆ. 1794ರಲ್ಲಿ ಮೌಲ್‌ಬೆರ್ಟ್ಷ್ ಬರೀ ಆರು ತಿಂಗಳಲ್ಲಿ ಚಾವಣಿ ಚಿತ್ರ ಮುಗಿಸಿದ.

ಬೆಳಗಾವಿ ಬಸು
ನಮ್ಮ ಮನ್ಯಾಗ ಅಜ್ಜಿಯ ತಿಜೋರಿ ಒಳಗ ತರಾಕ ಬಾಗಿಲ ಚೌಕಟ್ಟ ಕಿತ್ತಿದ್ದೆವು. ಹಂಗ ಇದು.

ಜ್ಯೂರಿಚ್ ಜಯಣ್ಣ
ಸ್ವಿಟ್ಜರ್ಲೆಂಡ್‌ನ ಸೇಂಟ್ ಗಾಲ್ ಮಠದ ಲೈಬ್ರರಿಗೂ ಹೋಗಿ. ಬಾಗಿಲ ಮೇಲೆ ಗ್ರೀಕ್‌ನಲ್ಲಿ ಬರೆದಿದೆ, ಆತ್ಮಕ್ಕೆ ಔಷಧ ಕೊಡುವ ಜಾಗ ಅನ್ನುವ ಅರ್ಥ. ಒಳಗೆ ಹೋಗುವಾಗ ಶೂ ಮೇಲೆ ಉಣ್ಣೆಯ ದೊಡ್ಡ ಚಪ್ಪಲಿ ಹಾಕಿಕೊಳ್ಳಬೇಕು, ಮರದ ನೆಲ ಗೀರಬಾರದು ಅಂತ. ಸುಮಾ ಅವರ ಅಪ್ಪನಿಗೆ ಬೇಕಾದ್ದು ಅಲ್ಲಿದೆ. ಬೀರುಗಳ ನಡುವಿನ ಕಂಬದ ಹಲಗೆ ತೆರೆದರೆ ಒಳಗೆ ಪುಸ್ತಕಗಳ ಪಟ್ಟಿ! ಹೊರಗಿಂದ ನೋಡಿದರೆ ಸುಮ್ನೆ ಅಲಂಕಾರ, ಒಳಗೆ ಕ್ಯಾಟಲಾಗ್.

ಹಾಸನದ ಸುಮಾ
ಅಬ್ಬಾ, ಇಷ್ಟೊಂದು ಉತ್ತರ! ಎಲ್ಲವನ್ನೂ ಅಪ್ಪನಿಗೆ ಓದಿ ಹೇಳಿದೆ. ಕೋಣೆಗೆ ಒಯ್ದು ಓದುತ್ತಿದ್ದರು ಅಂದಾಗ "ಹಂಗಾದ್ರೆ ಪುಸ್ತಕ ಇಶ್ಯೂ ಮಾಡ್ತಿದ್ರು ಅನ್ನು" ಅಂತ ಸಮಾಧಾನ ಪಟ್ಟರು.

ಗಿರೀಶ್ ಅವರ ಪ್ರಶ್ನೆಗೆ ಅಪ್ಪನೇ ಉತ್ತರ ಕೊಟ್ಟಿದ್ದಾರೆ. ಮೊದಲು ಇದನ್ನು ಬರೆಯಬೇಕಿತ್ತು, ಮರೆತೆ. ಆ ಹಾಲ್‌ನಲ್ಲಿ ಗುಟ್ಟಿನ ಬಾಗಿಲುಗಳಿವೆ. ಪುಸ್ತಕದ ಬೆನ್ನುಗಳನ್ನು ಮಾತ್ರ ಅಂಟಿಸಿದ ಬಾಗಿಲು. ಅದರ ಹಿಂದೆ ಮೇಲಿನ ಅಂತಸ್ತಿಗೆ ಹೋಗುವ ಮೆಟ್ಟಿಲು. ಗೈಡ್ ಅದನ್ನು ತೆರೆದು ತೋರಿಸಿದಾಗ ಎಲ್ಲರೂ ಓ ಅಂದರು. ಅಪ್ಪ ನನ್ನ ಕಿವಿಯಲ್ಲಿ ಹೇಳಿದರು: "ನಂಗೆ ಆಗ್ಲೇ ಗೊತ್ತಾಗಿತ್ತು." ಹೇಗೆ ಅಂತ ಕೇಳಿದೆ. ಪುಸ್ತಕ ತೆಗೆಯುವವರು ಬೆನ್ನಿನ ತಲೆಗೆ ಬೆರಳು ಹಾಕಿ ಎಳೆಯುತ್ತಾರಂತೆ. ಹಾಗೆ ಎಳೆದೂ ಎಳೆದೂ ಅಲ್ಲಿ ಚರ್ಮ ಸವೆಯುತ್ತದೆ, ಹರಿಯುತ್ತದೆ. ಅವರ ಲೈಬ್ರರಿಯಲ್ಲಿ ಅಂಥ ಪುಸ್ತಕ ನೂರಾರು ಇದ್ದವು, ಗಮ್ ಟೇಪ್ ಹಾಕಿದ್ದರು. ಆ ಬಾಗಿಲಿನ ಸಾಲಿನಲ್ಲಿ ಒಂದೇ ಒಂದು ತಲೆಯೂ ಸವೆದಿರಲಿಲ್ಲ. ಪಕ್ಕದ ಬೀರುವಿನಲ್ಲಿ ಎಷ್ಟೋ ಪುಸ್ತಕಗಳ ತಲೆ ಸವೆದು ಮೆತ್ತಗಾಗಿತ್ತು.

ಗಿರೀಶ ನೇರಮಾತು
ಸುಮಾ ಅವರೇ, ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಓದಿಸಿಕೊಂಡಿವೆ. ರೈತರ ವಿಷಯದಲ್ಲಿ ನನ್ನ ಮಾತು ಹಾಗೇ ಇರಲಿ, ಇದರಲ್ಲಿ ನಾನು ಹೇಳಿದ್ದು ತಪ್ಪು. ಅಪ್ಪನಿಗೆ ತಿಳಿಸಿ.

ಶಾರದಾ ಮೈಸೂರು
ಎಂಥ ಕಣ್ಣು ನಿಮ್ಮ ಅಪ್ಪನದು!

ಮಲೆನಾಡ ಹುಡುಗಿ
ನೆಲದ ಬಗ್ಗೆ ಯಾರೂ ಹೇಳಲಿಲ್ಲ? ನನಗೆ ಅದೇ ತಲೆ ತಿರುಗಿಸಿದ್ದು.

ಹಾಸನದ ಸುಮಾ
ಹೌದು ಹೌದು! 7,000ಕ್ಕೂ ಜಾಸ್ತಿ ಅಮೃತಶಿಲೆಯ ತುಂಡುಗಳು ಅಂತೆ, ಬಿಳಿ, ಕೆಂಪು, ಬೂದು. ಒಂದು ಕಡೆಯಿಂದ ನೋಡಿದರೆ ಚೌಕದ ಪೆಟ್ಟಿಗೆಗಳು ಎದ್ದು ನಿಂತ ಹಾಗೆ, ಇನ್ನೊಂದು ಕಡೆಯಿಂದ ಮೆಟ್ಟಿಲಿನ ಹಾಗೆ ಕಾಣುತ್ತದೆ. ನನ್ನ ಆರು ವರ್ಷದ ಮಗ ಮೆಟ್ಟಿಲು ಅಂದುಕೊಂಡು ಕಾಲೆತ್ತಿ ಎತ್ತಿ ನಡೆದ. ಅಪ್ಪ ಅವನ ಕೈ ಹಿಡಿದುಕೊಂಡು ತಾವೂ ಹಾಗೇ ಕಾಲೆತ್ತಿ ನಡೆದರು.

ಅಪ್ಪನದು ಈಗ ಹೊಸ ಪ್ರಶ್ನೆ ಇದೆ. 70,000 ಪುಸ್ತಕದ ಧೂಳು ಹೇಗೆ ಒರೆಸುತ್ತಾರೆ? ತಾಳೆಗರಿ ಸರ್, ನೀವೇ ಹೇಳಬೇಕು.

ತಾಳೆಗರಿ
ಒದ್ದೆ ಬಟ್ಟೆ ಮುಟ್ಟಿಸುವ ಹಾಗಿಲ್ಲ. ಒಂದೊಂದೇ ಪುಸ್ತಕ ಕೆಳಗಿಳಿಸಬೇಕು. ತಲೆ ಹಿಡಿದು ಎಳೆಯಬಾರದು. ಎರಡೂ ಪಕ್ಕದ ಪುಸ್ತಕವನ್ನು ಸ್ವಲ್ಪ ಒಳಗೆ ತಳ್ಳಿ, ಬೆನ್ನಿನ ನಡುವೆ ಹಿಡಿದು ತೆಗೆಯಬೇಕು. ಆಮೇಲೆ ಪುಸ್ತಕವನ್ನು ಬಿಗಿಯಾಗಿ ಮುಚ್ಚಿ ಹಿಡಿದು, ಮೆತ್ತಗಿನ ಬ್ರಷ್‌ನಿಂದ ಮೇಲಂಚನ್ನು ಬೆನ್ನಿನ ಕಡೆಯಿಂದ ಹಾಳೆ ತೆರೆಯುವ ಕಡೆಗೆ ಗುಡಿಸಬೇಕು. ಸಡಿಲವಾಗಿ ಹಿಡಿದರೆ ಧೂಳು ಹಾಳೆಯ ಒಳಗೆ ಇಳಿಯುತ್ತದೆ. ಆ ತುದಿ ಮುಗಿಯುವಷ್ಟರಲ್ಲಿ ಈ ತುದಿಯಲ್ಲಿ ಮತ್ತೆ ಧೂಳು ಕೂತಿರುತ್ತದೆ.

ಹಾಸನದ ಸುಮಾ
ಅಪ್ಪನಿಗೆ ಓದಿ ಹೇಳಿದೆ. ಎದ್ದು ಹೋಗಿ ನನ್ನ ಬೀರುವಿನಿಂದ ಒಂದು ದಪ್ಪ ಪುಸ್ತಕ ತಂದರು. ಪಕ್ಕದ ಎರಡನ್ನೂ ಒಳಗೆ ತಳ್ಳಿಯೇ ತೆಗೆದರು. ಎದೆಗೆ ಒತ್ತಿ ಹಿಡಿದು, ಮಗನ ಚಿತ್ರದ ಬ್ರಷ್ ಕೇಳುತ್ತಿದ್ದಾರೆ.